ಕಳ್ಳ ಚಿಗುರು

ಗರಗ
೧೯ ಡಿಸೆಂಬರ್ ೨೦೨೪, ಗುರುವಾರ

ಗೆಳತಿ ಗಾರ್ಗಿ,

ನಾನು ಆರಾಮ ಇದ್ದೇನೆ. ನಿನ್ನ ಗುಲಾಬಿ ಆರಾಮ ಇಲ್ಲವೆಂದು ನಿನ್ನ ಮೆಸೇಜಿನಿಂದ ತಿಳಿಯಿತು. ಖರೇ ಹೇಳುತ್ತೇನೆ, ಅದನ್ನು ಓದಿದ ದಿನ ಇನ್ನೊಂದು ಕಪ್ ಚಹಾ ಮಾಡಿಕೊಂಡು ಕುಡಿದೆ. ಫೋನಿನಲ್ಲಿ ಹೇಳಿದರೆ ನೀನು ನಡುವೆ ಬಾಯಿ ಹಾಕುತ್ತೀ, ಅದಕ್ಕೆ ಬರೆಯುತ್ತಿದ್ದೇನೆ.

ಜನವರಿ ಹನ್ನೆರಡಕ್ಕೆ ಪುಷ್ಪ ಪ್ರದರ್ಶನದ ಸಮಿತಿಯವರು ಬೈರಿದೇವರಕೊಪ್ಪದ ನಿನ್ನ ಮನೆಗೆ ಬರುತ್ತಾರೆ. ತಾಯಿಗಿಡವನ್ನು ಕಣ್ಣಾರೆ ಕಂಡ ಮೇಲೆ ಆ ತಳಿಗೆ ನಿನ್ನ ಅಜ್ಜಿಯ ಹೆಸರು ಬರೆದುಕೊಳ್ಳುತ್ತಾರೆ. ಗಿಡ ನೋಡಿದರೆ ಒಣಗುತ್ತಿದೆ. "ನಿನ್ನ ಹತ್ರ ಹಳೇ ಗಿಡ ಅದ ಅಲಾ, ಬೇರು ಬಿಟ್ಟದ್ದು ಒಂದು ಕಡ್ಡಿ ಕೊಡು, ನಿನ್ನ ಉಪಕಾರ ಮರಿಯೂದಿಲ್ಲ" ಎಂದು ಬರೆದಿದ್ದೀ. ಮರೆಯುವುದರಲ್ಲಿ ನಿಮ್ಮ ಮನೆಯವರನ್ನು ಮೀರಿಸಿದವರನ್ನು ನಾನು ಕಂಡಿಲ್ಲ.

ಅದಕ್ಕೆ ಹಳೆಯದನ್ನು ಒಮ್ಮೆ ನೆನಪಿಸುತ್ತೇನೆ. ಮಾಳಮಡ್ಡಿಯ ನಿಮ್ಮ ಮನೆಯ ಹಿತ್ತಲಲ್ಲಿ ನನ್ನ ಅಜ್ಜಿ ಸಾವಂತ್ರೆವ್ವ ಮೂವತ್ನಾಲ್ಕು ವರ್ಷ ತೋಟದ ಕೆಲಸ ಮಾಡಿದಳು. ನಾವಿಬ್ಬರೂ ಅವಳ ಹಿಂದೆ ಹಿಂದೆ ತಿರುಗುತ್ತಿದ್ದೆವು. ನಿಮ್ಮಲ್ಲಿದ್ದ ಗುಲ್ಕಂದದ ಗುಲಾಬಿ ಒಂದು ವರ್ಷ ಕಾಯಿ ಕಟ್ಟಿತು. ಅಜ್ಜಿ ಅದರ ಬೀಜ ತೆಗೆದು ಒಡೆದ ಎಣ್ಣೆ ಡಬ್ಬಿಯಲ್ಲಿ ಹಾಕಿದಳು. ಇಪ್ಪತ್ತಮೂರು ಸಸಿ ಎದ್ದವು, ಹೂ ಬಿಡಲು ಮೂರು ವರ್ಷ ಹಿಡಿಯಿತು. ಒಂದೊಂದು ಗಿಡದ ಮೊದಲ ಹೂವನ್ನು ಬೆಳಿಗ್ಗೆ ಸೆರಗಿನ ತುದಿಗೆ ಗಂಟು ಕಟ್ಟಿಕೊಳ್ಳುತ್ತಿದ್ದಳು. ಸಂಜೆ ಗಂಟು ಬಿಚ್ಚಿ ನಮ್ಮಿಬ್ಬರ ಮೂಗಿಗೆ ಹಿಡಿಯುತ್ತಿದ್ದಳು. ವಾಸನೆ ಹೋಗಿದ್ದರೆ ಮರುದಿನ ಆ ಗಿಡ ಕಿತ್ತು ಒಗೆದಳೆಂದೇ ಅರ್ಥ.

ನೋಡಲು ಬಲು ಚೆಂದವಿದ್ದ ಒಂದನ್ನು ಕಿತ್ತಾಗ ನೀನು ಅತ್ತೆ. "ಮೂಗಿಗಿ ಬರಲಾರದ ಹೂವು ಕಣ್ಣಿಗಿ ಯಾಕ ಬೇಕವ್ವಾ?" ಎನ್ನುತ್ತ ಅಜ್ಜಿ ಅದೇ ಸೆರಗಿನಿಂದ ನಿನ್ನ ಕಣ್ಣೊರೆಸಿದಳು. ಅಷ್ಟಕ್ಕೇ ನಿಮ್ಮಜ್ಜಿ ನಿನ್ನನ್ನು ಬಚ್ಚಲಿಗೆ ಕರೆದುಕೊಂಡು ಹೋಗಿ ತಲೆಯ ಮೇಲೆ ನೀರು ಹಾಕಿದರು. ನಿನಗೆ ನೆನಪಿರಲಿಕ್ಕಿಲ್ಲ, ನನಗೆ ನೆನಪಿದೆ. ಆ ಬಚ್ಚಲ ನೀರು ಹರಿದು ಗಿಡಗಳಿಗೆ ಹೋಯಿತು. ಈ ಗುಲಾಬಿಗಾಗಿ ನಿಮ್ಮಜ್ಜಿ ಮಾಡಿದ್ದು ಅಷ್ಟು.

ಕಡೆಗೆ ಉಳಿದದ್ದು ಒಂದೇ ಗಿಡ. ಅದರ ಕಡ್ಡಿ ತಂದು ಅಜ್ಜಿ ಗರಗದಲ್ಲಿ ನೆಟ್ಟಳು. ೨೦೨೧ರಲ್ಲಿ ನಿನ್ನ ಗೃಹಪ್ರವೇಶಕ್ಕೆ ನಾನು ಅದರದೇ ಒಂದು ಕಡ್ಡಿ ಬೇರು ಬಿಡಿಸಿ ತಂದುಕೊಟ್ಟೆ. 'ಸಾವಂತ್ರೆವ್ವನ ಗುಲಾಬಿ' ಎಂದು ತಗಡಿನ ಪಟ್ಟಿ ಬರೆದು ಕಟ್ಟಿಯೇ ಕೊಟ್ಟಿದ್ದೆ. ಮುಂದಿನ ಜೂನ್‌ನಲ್ಲಿ ಪೇಪರಿನ ಭಾನುವಾರದ ಪುರವಣಿಯಲ್ಲಿ ನಿನ್ನ ಫೋಟೊ ಬಂತು. ಕೆಳಗೆ 'ಅಜ್ಜಿ ಆರಿಸಿದ ತಳಿಯೊಂದಿಗೆ ಗಾರ್ಗಿ' ಎಂದಿತ್ತು. ಗಿಡದಲ್ಲಿ ತಗಡು ಇರಲಿಲ್ಲ. ಫೋನ್ ಮಾಡಿ ಕೇಳಿದರೆ ನೀನು ನಕ್ಕುಬಿಟ್ಟೆ. "ಅಯ್ಯ, ಪೇಪರಿನವರು ಹಂಗ ಬರದಾರ, ನಾ ಏನ ಮಾಡ್ಲಿ? ಗಿಡಾ ಅಂತೂ ನಮ್ಮ ಹಿತ್ತಲದ್ದ ಹೌದಲ್ಲೋ?"

ಅಂದು ನಾನೂ ನಕ್ಕು ಫೋನ್ ಇಟ್ಟೆ. ಎರಡು ತಿಂಗಳಾದ ಮೇಲೆ ನೀನೇ ಕೇಳಿದೆ, "ಪೂನಮ್, ಬುಡದಾಗಿಂದ ಕಳ್ಳ ಚಿಗುರು ಬರ್ಲಿಕತ್ತಾವ, ಏನ ಮಾಡಬೇಕು?"

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು, ತಿಳಿಯದೆ ಹೇಳಿದೆನೆಂದುಕೊಳ್ಳಬೇಡ. ನರ್ಸರಿಯ ಗುಲಾಬಿಗಳು ಕಸಿ ಮಾಡಿದವು. ಅವುಗಳ ಬುಡ ಕಾಡು ಗುಲಾಬಿಯದು. ಅಲ್ಲಿಂದ ಎದ್ದ ಚಿಗುರನ್ನು ಬಿಟ್ಟರೆ ಅದು ಮೇಲಿನ ಗಿಡವನ್ನೇ ನುಂಗುತ್ತದೆ, ಆದ್ದರಿಂದ ಕತ್ತರಿಸುತ್ತಾರೆ. ನಿನಗೆ ಗೊತ್ತಿದ್ದದ್ದು ಅಷ್ಟೇ. ಅಜ್ಜಿಯ ಗುಲಾಬಿ ಕಸಿಯದಲ್ಲ, ಬೇರಿನಿಂದ ತುದಿಯ ತನಕ ಒಂದೇ ಗಿಡ. ಅದರ ಹಳೆಯ ಕೊಂಬೆ ಮೂರ್ನಾಲ್ಕು ವರ್ಷಕ್ಕೆ ಮುದಿಯಾಗಿ ಒಣಗುತ್ತದೆ, ಬುಡದ ಚಿಗುರೇ ಮುಂದೆ ಗಿಡವಾಗಬೇಕು. ನೀನು ಕಳ್ಳ ಎಂದು ಕರೆದದ್ದು ಮನೆಯ ಮಗಳನ್ನು.

"ಕತ್ತರಿಸಿ ಒಗಿ, ಒಂದೂ ಬಿಡಬ್ಯಾಡ" ಎಂದೆ.

ಹುಟ್ಟಿದಾಗಿನಿಂದ ಯಾರ ಮಾತೂ ಕೇಳದ ನೀನು ಇದೊಂದನ್ನು ಕೇಳಿದೆ. ಪ್ರತಿ ಮಳೆಗಾಲ ಮುಗಿದಾಗ ನಾನೇ ವಿಚಾರಿಸುತ್ತಿದ್ದೆ. "ಹೂಂ, ನೆಲಕ್ಕ ಸಮಾ ಮಾಡೇನಿ" ಎಂದು ನೀನು ಹೆಮ್ಮೆಯಿಂದ ಹೇಳುತ್ತಿದ್ದೆ. ಆ ಮಾತು ಕೇಳಿದ ದಿನ ನನಗೆ ಊಟ ರುಚಿಸುತ್ತಿತ್ತು.

ಈಗ ನಿನಗೆ ಎಲ್ಲ ತಿಳಿಯಿತು. ನಾನು ಕಡ್ಡಿ ಕೊಡುವುದಿಲ್ಲ, ಒಂದು ಎಲೆಯನ್ನೂ ಕೊಡುವುದಿಲ್ಲ. ಹನ್ನೆರಡನೇ ತಾರೀಖು ಸಮಿತಿಯವರಿಗೆ ಒಣಗಿದ ಕೊಂಬೆ ತೋರಿಸು. ಅಜ್ಜಿಯ ಹೆಸರು ಕೇಳಿದರೆ ನಿಮ್ಮಜ್ಜಿಯದನ್ನೇ ಹೇಳು. ಒಣಗಿದ ಗಿಡಕ್ಕೆ ಅದು ಸರಿಯಾಗಿ ಹೊಂದುತ್ತದೆ.

ಸಾವಂತ್ರೆವ್ವನ ಮೊಮ್ಮಗಳು,
ಪೂನಮ್

ತಾ.ಕ.: ಸಹಿ ಮಾಡಿ ಮಡಚಿದ್ದನ್ನು ಮತ್ತೆ ಬಿಚ್ಚಿದೆ. ನನ್ನ ಹತ್ತಿರ ಕೊಡಲು ಕಡ್ಡಿಯೇ ಇಲ್ಲ, ಗಾರ್ಗಿ. ದಸರೆಗೆ ಮೊದಲು ನನ್ನ ಗಿಡಕ್ಕೆ ಗೆದ್ದಲು ಹತ್ತಿತು, ಎಳೆದರೆ ಬೇರಿಲ್ಲದೆ ಕೈಗೆ ಬಂತು. ಮಾಳಮಡ್ಡಿಯ ಗಿಡವಿದ್ದ ಜಾಗದಲ್ಲಿ ಈಗ ಅಪಾರ್ಟ್‌ಮೆಂಟಿನವರು ಕಾರು ನಿಲ್ಲಿಸುತ್ತಾರೆ. ಉಳಿದದ್ದು ನಿನ್ನದೊಂದೇ. ಅದು ಗೊತ್ತಿದ್ದೂ ಅಕ್ಟೋಬರಿನಲ್ಲಿ ನಿನ್ನನ್ನು "ಕತ್ತರಿಸಿದ್ಯಾ?" ಎಂದು ಕೇಳಿದೆ. ನೀನು ಹೂಂ ಎಂದೆ. ಆ ದಿನ ಊಟ ಸೇರಲಿಲ್ಲ.

ಈ ಪತ್ರವನ್ನು ಅಂಚೆಗೆ ಹಾಕುವುದಿಲ್ಲ. ನಾಳೆ ಶಾಲೆಗೆ ರಜೆ ಹಾಕಿ ಮೊದಲ ಬಸ್ಸಿಗೆ ಬಂದು ಗೇಟಿನಲ್ಲೇ ನಿನ್ನ ಕೈಗೆ ಕೊಡುತ್ತೇನೆ. ನೀನು ಇದನ್ನು ಓದಿ ಮುಗಿಸುವುದರೊಳಗೆ ನಾನು ಗಿಡದ ಬುಡದ ಮಣ್ಣು ಸರಿಸಿ, ಬೆರಳುದ್ದದ ಚಿಗುರು ಎಲ್ಲಾದರೂ ಉಳಿದಿದೆಯೇ ಎಂದು ನೋಡುತ್ತಿರುತ್ತೇನೆ. ಇದ್ದರೆ, ಹೆಸರಿನ ಜಗಳವನ್ನು ಅಲ್ಲಿಯೇ ಮುಂದುವರಿಸೋಣ. ಬೈಯಲು ಹೊರಗೆ ಬರುವಾಗ ಕತ್ತರಿ ಮಾತ್ರ ಒಳಗಿಟ್ಟು ಬಾ.