ಅತ್ತೆಯ ಹೆಬ್ಬೆರಳು

ವಿಜಾಪುರ ರಸ್ತೆ, ಸೋಲಾಪುರ
೧೪ ನವೆಂಬರ್ ೨೦೨೪

ಪ್ರಣಿತಾಳ ಅಪ್ಪನಿಗೆ ಮನೀಷಾ ಮಾಡುವ ನಮಸ್ಕಾರ.

ಪ್ರಣಿತಾ ಆರಾಮಿದ್ದಾಳೆ. ನನ್ನ ಅಣ್ಣನ ಮನೆಯಲ್ಲಿ ನಮಗೇನೂ ಕಡಿಮೆಯಿಲ್ಲ. ನಿಮ್ಮ ಫೋನನ್ನು ಆಣೆಯ ದಿನವೇ ಮಾರಿಬಿಟ್ಟಿರಿ, ಅತ್ತೆಯ ಫೋನ್ ಅವರ ಜೊತೆಗೇ ಇಲ್ಲಿಗೆ ಬಂದಿದೆ. ಹಾಗಾಗಿ ಈ ಕಾಗದ.

ಮೊನ್ನೆ ಸಿದ್ದಣ್ಣ ಭಾವ ಅತ್ತೆಯ ಕಣ್ಣು ತೋರಿಸಲೆಂದು ತಡವಳದಿಂದ ಕರೆತಂದು ಬಿಟ್ಟುಹೋದರು. ನಿಮ್ಮ ಮಾತನ್ನೂ ಮುಟ್ಟಿಸಿದರು: "ಬೀರೋಬಾನ ಆಣಿ ಮುರದಿಲ್ಲಂತ. ಮನಿಗಿ ಬಾ ಅಂದಾನ." ನಾನು ನಂಬಿದೆ. ನಿಮ್ಮ ಮನೆದೇವರು ಬೀರೋಬಾನ ಗುಡಿಯಲ್ಲಿ ಅರಿಶಿನದ ಭಂಡಾರ ಮುಟ್ಟಿ, ಈ ಕೈಯಿಂದ ಇನ್ನು ಫೋನಿನ ಜೂಜು ಆಡುವುದಿಲ್ಲ ಎಂದು ನೀವು ಹೇಳಿದಾಗ ಪಕ್ಕದಲ್ಲೇ ನಿಂತಿದ್ದೆ. ಆಣೆ ನಿಂತರೆ ಬರುತ್ತೇನೆಂದು ಹೇಳಿಯೇ ಮನೆ ಬಿಟ್ಟಿದ್ದೆ. ನಿಮ್ಮ ಮಂದಿ ಭಂಡಾರದ ಮೇಲೆ ಸುಳ್ಳಾಡುವುದಿಲ್ಲ. ಅಂದೇ ಸಂಜೆ ಬಟ್ಟೆಗಳನ್ನು ಚೀಲಕ್ಕೆ ತುಂಬಿದೆ.

ಮರುದಿನ ಕಣ್ಣಿನ ಡಾಕ್ಟರರು, ದಿನವಿಡೀ ಏನು ನೋಡುತ್ತೀರಿ ಎಂದು ಅತ್ತೆಯನ್ನು ಕೇಳಿದರು. ಕುರಿ ಕಾಯ್ದ ಮುದುಕಿ ಕುರಿಯಲ್ಲದೆ ಇನ್ನೇನು ನೋಡಿಯಾಳು ಎಂದು ನಾನು ನಗುವುದರಲ್ಲಿದ್ದೆ. ಅತ್ತೆ ಸೀದಾ ಹೇಳಿಬಿಟ್ಟರು: "ಫೋನಿನ್ಯಾಗ ಚಕ್ರ ತಿರಗಸ್ತೀನ್ರಿ. ಮಗ ಆಣಿ ಮಾಡ್ಯಾನ, ಅಂವ ಮುಟ್ಟಂಗಿಲ್ಲ. ಬಾಜೂಕ ಕುಂತು ಕೆಂಪ ಒತ್ತು ಅಂದ್ರ ಕೆಂಪ ಒತ್ತತೀನಿ, ಹಸರ ಅಂದ್ರ ಹಸರ." ಹೆಬ್ಬೆರಳು ಎತ್ತಿ ತೋರಿಸಿದರು ಕೂಡ. ಮಗನ ಆಣೆ ಕಾಯ್ದ ಹೆಮ್ಮೆ ಅವರ ಮುಖದ ಮೇಲೆ ಚೆನ್ನಾಗಿಯೇ ಕಾಣುತ್ತಿತ್ತು.

ನನಗೆ ಸಿಟ್ಟು ಬರಲಿಲ್ಲ, ನಾಚಿಕೆಯಾಯಿತು. ಆ ಫೋನನ್ನು ನಾನೇ ಕೊಡಿಸಿದ್ದು, ಮೊಮ್ಮಗಳ ಮುಖ ನೋಡಿಕೊಂಡಿರಲಿ ಎಂದು. ನೀವು ಆಣೆ ಮುರಿದಿಲ್ಲ, ಒಪ್ಪಿದೆ. ಆದರೆ ಹೆತ್ತವಳ ಬೆರಳನ್ನೇ ಕಡ ತೆಗೆದುಕೊಂಡಿರಲ್ಲ, ಬೀರೋಬಾ ಅದಕ್ಕೇನು ಅನ್ನುತ್ತಾನೋ ನನಗೆ ಗೊತ್ತಿಲ್ಲ. ಕೆಟ್ಟ ಮನುಷ್ಯನೆಂದು ನಿಮ್ಮನ್ನು ಬಯ್ಯಲೂ ಮನಸ್ಸು ಬರುತ್ತಿಲ್ಲ. ಆ ಜೂಜು ನಿಮ್ಮನ್ನು ಅಷ್ಟು ಹಿಡಿದಿದೆ ಎಂದು ಹೆದರಿಕೆಯಾಗುತ್ತದೆ.

ಚೀಲ ಬಿಚ್ಚಿಟ್ಟಿದ್ದೇನೆ, ಸದ್ಯ ಬರುವುದಿಲ್ಲ. ಇಂಥ ಚಟ ಬಿಡಿಸುವ ಡಾಕ್ಟರರು ಇಲ್ಲಿದ್ದಾರೆ, ಹೋಗಿ ವಿಚಾರಿಸಿ ಬಂದೆ. ಸೋಮವಾರ ಬೆಳಗಿನ ಬಸ್ಸಿಗೆ ಬನ್ನಿ. ಇನ್ನೊಂದು ಆಣೆ ಬೇಡ. ಬಂದರೆ ನಾನು ಜೊತೆಗಿರುತ್ತೇನೆ. ಬರದಿದ್ದರೆ ಪ್ರಣಿತಾಳ ಹೆಸರು ಇಲ್ಲಿಯ ಶಾಲೆಗೇ ಹಚ್ಚುತ್ತೇನೆ.

ಇಂತಿ,
ಮನೀಷಾ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದನ್ನು ಅತ್ತೆಗೆ ಓದಿ ಹೇಳಿದೆ. ಮಗ ಡಾಕ್ಟರರ ಕಡೆ ಬರಲಿ, ಅವನಿಗೆ ಒಳ್ಳೆಯದಾಗಲಿ ಎಂದರು. ಆಮೇಲೆ ನಾನು ತೆಗೆದಿಟ್ಟ ಫೋನನ್ನು ಕೇಳಿದರು. ಯಾಕೆಂದು ಕೇಳಿದೆ. "ಅಂವ ಬಿಡ್ಲಿ ಯವ್ವಾ. ನಾ ಏನ ಆಣಿ ಮಾಡಿಲ್ಲಲ್ಲ" ಎಂದರು.