ಹೊಟ್ಟೆ ಕರಗಿಸೋ ಡಬ್ಬಿಯ ಲೇಬಲ್

ರೀ,

ಹೊಟ್ಟೆ ಕರಗಿಸೋ ಮಾತ್ರೆ ಡಬ್ಬಿ ಹುಡುಕಬೇಡಿ, ನನ್ನ ಬ್ಯಾಗಲ್ಲಿದೆ.

ಆಸ್ಪತ್ರೆಯಲ್ಲಿ ದಿನಾ ಔಷಧಿ ಕೊಡೋಳು ನಾನು, ಲೇಬಲ್ ಪೂರ್ತಿ ಓದಿದೆ. ಒಂದು ಮಾತ್ರೆಗೆ ಮೂರು ಲೋಟ ಕಾಫಿಯಷ್ಟು ಕೆಫೀನ್, ಚೂರು ಮೆಣಸಿನಕಾಯಿ ಸಾರ, ಮಿಕ್ಕಿದ್ದೆಲ್ಲ ಕೊಬ್ಬರಿ ಎಣ್ಣೆ. ಸಾರಿಗೆ ಕಾಯಿ ಹಾಕಬೇಡ ಅಂತ ತಿಂಗಳಿಂದ ಮುಖ ಊದಿಸಿಕೊಂಡಿದ್ದು ಇದನ್ನ ನುಂಗಕ್ಕಾ?

ಅಟ್ಟದ ಕಾಯಿ ಕಿವಿ ಹತ್ರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಆಗಿದೆಯೋ ಇಲ್ವೋ ಅಂತ ಊರಿಗೇ ಹೇಳೋರು ನೀವು. ಡಬ್ಬಿ ಮಾತ್ರ ತಿರುಗಿಸಿ ನೋಡಲಿಲ್ಲ.

ಹುರುಳಿಸಾರಿಗೆ ಕಾಯಿ ಹಾಕಿದೀನಿ. ಮುದ್ದೆ ಒಂದೇ ಉಣ್ಣಿ. ಸಂಜೆ ತೋಟ ಸುತ್ತಕ್ಕೆ ನಾನೂ ಬತ್ತೀನಿ.

ನಿನ್ನೆ ನೀವು ತೊಟ್ಟಿದ್ದ ಅಂಗಿಗೇ ಗುಂಡಿ ಹೊಲಿದು ದಾರ ಕಚ್ಚುವಾಗ ನನ್ನ ಕಿವಿ ನಿಮ್ಮೆದೆಗೆ ತಾಗಿತ್ತು. ಒಳಗಿನ ಸದ್ದು ಸರಿ ಇರಲಿಲ್ಲ ಕಣ್ರೀ.

ವನಿತಾ