ಮೌಸ್ ಯಾವ ಕೈಗೆ

ಮನೆಯ ಮುಂದಿನ ಕೋಣೆಯಿಂದ,
ಗುರುವಾರ ಮಧ್ಯಾಹ್ನ

ರೀ,

ಹೇಗಿದ್ದೀರಿ? ನಿದ್ದೆ ಬರುತ್ತಿದೆಯಾ? ಪಕ್ಕದ ಹಾಸಿಗೆಯವರ ಗೊರಕೆ ಸ್ವಲ್ಪವಾದರೂ ತಗ್ಗಿತಾ? ಊಟ ಸಪ್ಪೆ ಎಂದು ತಟ್ಟೆ ತಳ್ಳಬೇಡಿ, ಆಸ್ಪತ್ರೆಯ ಅಡುಗೆಯವರ ಮೇಲೆ ಮುನಿಸಿಕೊಂಡರೆ ಸೊರಗುವುದು ನೀವೇ. ಫೋನ್ ಮಾಡಿದರೆ ಮಾತು ತೊದಲುತ್ತದೆಂದು ನೀವು ಬರೀ "ಹೂಂ" ಅಂದು ಇಟ್ಟುಬಿಡುತ್ತೀರಿ. ಆ ಒಂದು ಹೂಂ ಹಿಡಿದುಕೊಂಡು ನಾನು ಇಡೀ ದಿನ ತಲೆ ಕೆಡಿಸಿಕೊಳ್ಳುತ್ತೇನೆ. ಅದಕ್ಕೇ ಈ ಪತ್ರ. ಇಲ್ಲಿ ನಡುವೆ ಬಾಯಿ ಹಾಕಲು ನಿಮಗಾಗುವುದಿಲ್ಲ, ನಾನು ಹೇಳಿದ್ದಷ್ಟನ್ನೂ ಓದಲೇಬೇಕು.

ಕೊನೆಗೂ ಹೊಸ ಕಂಪ್ಯೂಟರ್ ಬಂತು. ಹಳೆಯದು ಕಳೆದ ತಿಂಗಳಿಂದ ಏದುಸಿರು ಬಿಡುತ್ತಿತ್ತು, ಮನೆಯ ನಕ್ಷೆ ಪ್ರಿಂಟಿಗೆ ಕೊಟ್ಟರೆ ಅರ್ಧದಲ್ಲೇ ಕಣ್ಣು ಮುಚ್ಚುತ್ತಿತ್ತು. ನಿಮ್ಮ ಜೊತೆಗೆ ಅದೂ ಮಲಗಿದರೆ ನಾನು ಯಾರನ್ನು ಅಂತ ನೋಡಿಕೊಳ್ಳಲಿ? ಸೋಮವಾರ ರಿಪೇರಿ ಅಂಗಡಿಯವರನ್ನು ಕರೆಸಿದೆ, ಅದೇ, ಬಾಯಿ ಮುಚ್ಚುವುದೇ ಇಲ್ಲವೆಂದು ನೀವು "ರೇಡಿಯೋ" ಎಂದು ಹೆಸರಿಟ್ಟಿದ್ದೀರಲ್ಲ, ಅವರನ್ನು. ಹಳೆಯದಕ್ಕೂ ಹೊಸದಕ್ಕೂ ನಡುವೆ ಒಂದು ಕೇಬಲ್ ಸಿಕ್ಕಿಸಿ ಕೂತರು. ನೀವು ಇಷ್ಟು ವರ್ಷ ಗೆರೆ ಎಳೆದ ಮನೆಗಳೆಲ್ಲ ಒಂದೊಂದಾಗಿ ಆಚೆಯಿಂದ ಈಚೆಗೆ ಬರತೊಡಗಿದವು. ನೀವು ಫೈಲುಗಳಿಗೆ ಇಟ್ಟ ಹೆಸರುಗಳೋ, ದೇವರಿಗೇ ಪ್ರೀತಿ! "ಅಡುಗೆಮನೆ ಹಿಂದಕ್ಕೆ", "ಅಡುಗೆಮನೆ ಮತ್ತೆ ಮುಂದಕ್ಕೆ", "ಅತ್ತೆ ಗೆದ್ದರು", ಅದರ ಕೆಳಗೇ "ಇಲ್ಲ, ಸೊಸೆಯೇ ಗೆದ್ದಳು". ರೇಡಿಯೋ ಹೊಟ್ಟೆ ಹಿಡಿದುಕೊಂಡು, "ಅಕ್ಕಾ, ಇವ್ರು ಮನೆ ಪ್ಲಾನ್ ಹಾಕ್ತಿದ್ರಾ, ಪಂಚಾಯ್ತಿ ಮಾಡ್ತಿದ್ರಾ?" ಅಂದರು. ನಾನೂ ನಕ್ಕೆ. ಆಮೇಲೆ ಸುಸ್ತಾಯಿತು. ಈಗೀಗ ನಕ್ಕರೂ ಸುಸ್ತಾಗುತ್ತದೆ ನನಗೆ.

ಎಲ್ಲವೂ ಬಂತು. ಕನ್ನಡಕ ಹುಡುಕುವ ಗೋಜು ಬೇಡವೆಂದು ನೀವು ಮಾಡಿಕೊಂಡ ದಪ್ಪ ದಪ್ಪ ಅಕ್ಷರ ಬಂತು, ಹಳದಿ ಬಾಣ ಬಂತು, ಮುಂದಿನ ಹಲ್ಲು ಬಿದ್ದಾಗಿನ ಮಗಳ ಫೋಟೋ ಪರದೆ ತುಂಬಾ ಬಂದು ಕೂತಿತು. ಅದನ್ನು ಕಂಡು ಅವಳು, "ಅಪ್ಪ ಬರೋದ್ರೊಳಗೆ ಇದನ್ನ ತೆಗೆದುಬಿಡಮ್ಮಾ, ಮಾನ ಹೋಗುತ್ತೆ" ಎಂದು ಗೋಗರೆದಳು. ತೆಗೆದಿಲ್ಲ. ಬರದೆ ಹೋದದ್ದು ಮೌಸ್ ಒಂದೇ. ನಿಮ್ಮ ಎಡಗೈಗೆಂದು ನೀವು ಅದರ ಎರಡು ಗುಂಡಿಗಳನ್ನು ಅದಲುಬದಲು ಮಾಡಿಟ್ಟಿದ್ದಿರಲ್ಲ, ಹೊಸದರಲ್ಲಿ ಅದು ಮತ್ತೆ ಊರಿನವರೆಲ್ಲರ ಹಾಗೆ ಬಲಗೈಯದಾಗಿದೆ. ನಾನು ಬಲಗೈಯವಳೇ ಆದರೂ ನಿಮ್ಮ ಮೇಜಿನಲ್ಲಿ ಕೂತು ಕೂತು ಎಡಗೈಯಲ್ಲೇ ಆಡಿಸುವುದನ್ನು ಕಲಿತವಳು. ಈಗ ಫೈಲ್ ತೆರೆಯಲೆಂದು ಒತ್ತಿದರೆ ಬೇಡದ ಪಟ್ಟಿಯೆಲ್ಲ ಇಳಿದುಬಂದು ಕಣ್ಣಿಗೆ ಅಡ್ಡ ನಿಲ್ಲುತ್ತದೆ. ಹೊಸ ಕಂಪ್ಯೂಟರ್ ಕೆಟ್ಟಿದೆ ಎಂದು ಮಗಳು ಮನೆಯೆಲ್ಲ ಸಾರಿಬಿಟ್ಟಳು.

ಹೊರಡುವ ಮೊದಲು ರೇಡಿಯೋ ಕೇಳಿದರು, "ಅಕ್ಕಾ, ಇದನ್ನ ಮೊದಲಿನ ಹಾಗೆ ಎಡಕ್ಕೆ ಮಾಡ್ಲಾ, ಬಲಕ್ಕೇ ಬಿಡ್ಲಾ?" ಯೋಚಿಸಿ ಹೇಳ್ತೀನಿ ಅಂದೆ. ಮೌಸಿನ ಬಗ್ಗೆ ಯಾರಾದರೂ ಯೋಚಿಸುತ್ತಾರಾ? ಆ ಮಹಾರಾಯರೂ, ಜೀವನದಲ್ಲಿ ಮೊದಲ ಸಲವಿರಬೇಕು, "ಆಯ್ತಕ್ಕಾ" ಎಂದು ಒಂದೇ ಮಾತಿಗೆ ಮುಗಿಸಿ ಚಪ್ಪಲಿ ಮೆಟ್ಟಿಕೊಂಡು ಹೋದರು. ನಾನೇ ಬದಲಾಯಿಸಬಹುದಿತ್ತು, ಅದೇನು ಬೆಟ್ಟ ಅಗೆಯುವ ಕೆಲಸವಲ್ಲ. ಆದರೆ ಎಡಕ್ಕೆ ಮಾಡಿದರೆ ನಿಮಗೆ ಸುಳ್ಳು ಹೇಳಿದಂತೆ, ಬಲಕ್ಕೆ ಬಿಟ್ಟರೆ ನಿಮ್ಮ ಕೈಬಿಟ್ಟಂತೆ ಅನಿಸಿ ಅಲ್ಲೇ ಕೂತುಬಿಟ್ಟೆ. ಲಕ್ವ ಹೊಡೆದ ನಿಮ್ಮ ಎಡಗೈ ಲೋಟ ಹಿಡಿದೀತು, ಅಂಗಿಯ ಗುಂಡಿ ಹಾಕೀತು, ಆದರೆ ಕೂದಲೆಳೆಯ ಗೆರೆ ಎಳೆಯುವ ಕೆಲಸಕ್ಕೆ ಬಾರದು ಎಂದು ಡಾಕ್ಟರ್ ನಮ್ಮಿಬ್ಬರ ಎದುರಿಗೇ ಹೇಳಿದರು. ನೀವು ಗೋಡೆಯ ಕಡೆ ತಿರುಗಿ ಮಲಗಿದಿರಿ. ಈ ಕೈ ಬಾರದೆ ಆ ಕುರ್ಚಿಯಲ್ಲಿ ಕೂರುವುದಿಲ್ಲ ಅಂದಿರಿ. ಬಲಗೈಯ ಅಭ್ಯಾಸವೆಂದರೆ ಮುಖ ಸಿಂಡರಿಸಿ ಕಣ್ಣು ಮುಚ್ಚಿಕೊಳ್ಳುತ್ತಾರೆ ಎಂದು ವ್ಯಾಯಾಮ ಮಾಡಿಸುವಾಕೆ ನನಗೆ ಫೋನಿನಲ್ಲಿ ದೂರು ಹೇಳುತ್ತಾಳೆ. ದೂರು ಕೇಳಿಸಿಕೊಳ್ಳುವುದಕ್ಕೂ ತ್ರಾಣ ಬೇಕು, ರೀ. ಬೆಳಿಗ್ಗೆ ಮಗಳನ್ನು ಕಳಿಸಿ, ಮನೆ ಪ್ಲಾನ್ ಕೇಳಿಕೊಂಡು ಬಂದವರಿಗೆ ಇನ್ನೊಂದು ತಿಂಗಳು ತಡೆಯಿರಿ ಎಂದು ಕೈ ಮುಗಿದು, ಬಾಗಿಲು ಹಾಕಿಕೊಂಡು ಒಬ್ಬಳೇ ಕೂತರೆ ಏಳಲು ಮನಸ್ಸಾಗುವುದಿಲ್ಲ. ನನಗೆ ನೀವು ಬೇಕು. ಈ ಮೇಜಿನಲ್ಲಿ, ಗೊಣಗುತ್ತಾ, ಚಹಾ ಆರಿಸಿಕೊಂಡು ಕೂತ ನೀವು ಬೇಕು.

ಮಗಳು ನಿಮ್ಮನ್ನು ಕೇಳಿದಳು ಎಂದು ಬರೆಯಲು ಹೇಳಿದ್ದಾಳೆ. ಭಾನುವಾರ ಇಬ್ಬರೂ ಬರುತ್ತೇವೆ. ಮಾತ್ರೆ ತಪ್ಪಿಸಬೇಡಿ, ಸ್ವೆಟರ್ ಹಾಕಿಕೊಳ್ಳಿ, ನರ್ಸಮ್ಮನ ಹತ್ತಿರ ಜಗಳ ಕಾಯಬೇಡಿ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ, ನನಗೂ ಸ್ವಲ್ಪ ತಾಳ್ಮೆ ಕೊಡಲಿ.

ಇಂತಿ,
ನಿಮ್ಮವಳು

ಕವರ್ ಅಂಟಿಸುವ ಮೊದಲು ಇದೊಂದು: ಈಗಷ್ಟೇ ರೇಡಿಯೋ ಫೋನ್ ಮಾಡಿದ್ದರು, ಏನಾಯ್ತು ಅಕ್ಕಾ ಎಂದು. ಬಲಕ್ಕೇ ಇರಲಿ ಅಂದುಬಿಟ್ಟೆ. ಅಂದ ಮೇಲೆ ಅತ್ತುಬಿಟ್ಟೆ, ಆದರೆ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ನಿಮಗೆ ಕೋಪ ಬರುತ್ತದೆ, ಗೊತ್ತು. ಫೋನಿನಲ್ಲಿ ಹೂಂ ಅನ್ನಬೇಡಿ, ಒಂದು ಕಾಗದ ತೆಗೆದುಕೊಂಡು ಬಾಯಿಗೆ ಬಂದಂತೆ ಬೈದು ಬರೆಯಿರಿ. ಅಕ್ಕಪಕ್ಕದವರ ಕೈಲಿ ಬರೆಸಬೇಡಿ. ನಿಮ್ಮ ಬಲಗೈಯಲ್ಲೇ ಬರೆಯಿರಿ. ಎಷ್ಟು ಸೊಟ್ಟಗಿದ್ದರೂ ಕೂತು ಓದಿಕೊಳ್ಳುತ್ತೇನೆ.